ಸಮುದಾಯ ರೇಡಿಯೋ ಪರವಾನಗಿ: ಅರ್ಜಿಯಿಂದ ಮೊದಲ ಪ್ರಸಾರದವರೆಗೆ ನಾವು ನಡೆದ ದಾರಿ

ಶಿವಮೊಗ್ಗ ಜಿಲ್ಲೆಯ ನಮ್ಮ ಪುಟ್ಟ ಊರಿನ ಸಮುದಾಯ ರೇಡಿಯೋ, ಅಂದರೆ ಊರಿನವರೇ ಸೇರಿ ನಡೆಸುವ ಸಣ್ಣ ಎಫ್ಎಂ ಕೇಂದ್ರ, ಈಗ ದಿನಾ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ. ಅರ್ಜಿ ಹಾಕಿ ಮೊದಲ ಪ್ರಸಾರ ಆಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಈ ದಾರಿಯಲ್ಲಿ ಹೋಗಿ ಬಂದವರು ಕನ್ನಡದಲ್ಲಿ ಬರೆದಿಟ್ಟದ್ದು ಏನಾದರೂ ಸಿಗುತ್ತದಾ ಅಂತ ಆಗ ತುಂಬಾ ಹುಡುಕಿದೆ. ನನಗೆ ಸಿಗಲಿಲ್ಲ. ಅದಕ್ಕೇ ಎಲ್ಲಾ ಇನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಭದ್ರಾವತಿ ಆಕಾಶವಾಣಿಯಲ್ಲಿ ಹಲವು ವರ್ಷ ಕ್ಯಾಶುಯಲ್ ಅನೌನ್ಸರ್ ಆಗಿದ್ದವಳು. ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ. ಬೆಳಗಿನ ಪಾಳಿ ಇದ್ದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕಿತ್ತು. ಕ್ಯೂ ಶೀಟ್ (ಕಾರ್ಯಕ್ರಮಗಳ ಸರದಿಯ ಪಟ್ಟಿ) ಓದೋದು, ಫೇಡರ್ (ದನಿ ಏರಿಸಿ ಇಳಿಸುವ ಗುಂಡಿ) ಮೆಲ್ಲಗೆ ತೆರೆಯೋದು, ವಾಕ್ಯದ ನಡುವೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಟೇಪ್ ಕೈಕೊಟ್ಟರೆ ಗಾಬರಿಯಾಗದೆ ಏನು ಹೇಳಬೇಕು, ಎಲ್ಲವನ್ನೂ ಕಲಿತದ್ದು ಅಲ್ಲೇ. ಆ ಋಣ ದೊಡ್ಡದು. ಆದರೆ ಅಷ್ಟು ದೊಡ್ಡ ಕೇಂದ್ರ ಹತ್ತಾರು ತಾಲೂಕಿಗೆ ಮಾತಾಡಬೇಕು. ನಮ್ಮೂರಿನ ಸೇತುವೆ ಮೇಲೆ ನೀರು ಬಂದು ಬಸ್ಸು ನಿಂತರೆ ಅದನ್ನು ಹೇಳೋಕೆ ಅಲ್ಲಿ ಜಾಗ ಇರೋಲ್ಲ. ಊರಿಗೊಂದು ಮಾತಿನ ರೇಡಿಯೋ ಬೇಕು ಅನ್ನೋ ಆಸೆ ಹುಟ್ಟಿದ್ದು ಹಾಗೆ.

ಕನ್ನಡ ನಾಡಿಗೆ ಇದೇನೂ ಹೊಸ ಆಸೆಯಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ದರು. ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಆಮೇಲೆ ದಶಕಗಳ ಕಾಲ ರೇಡಿಯೋ ಅಂದರೆ ಸರ್ಕಾರದ್ದು ಮಾತ್ರ. ಬಾನುಲಿ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ನಮ್ಮಂಥ ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರಲ್ಲಿ. ಅದಕ್ಕೂ ಮೊದಲು ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು ಪರವಾನಗಿ ಸಿಗದಿದ್ದರೂ ಸುಮ್ನೆ ಕೂರದೆ ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸಿದ್ದರು. ಕಾಯುವ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಅವರೇ.

ಮೊದಲ ವಿಷಯ: ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಇದು ಸಿಗೋಲ್ಲ. ಲಾಭಕ್ಕಾಗಿ ನಡೆಯುವ ಕಂಪನಿಗೆ, ರಾಜಕೀಯ ಪಕ್ಷಕ್ಕೆ ಸಿಗೋಲ್ಲ. ಶಿಕ್ಷಣ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಅಥವಾ ನೋಂದಣಿಯಾದ ಸಂಸ್ಥೆ ಆಗಿರಬೇಕು. ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು, ಊರಿಗೆ ಏನು ಕೆಲಸ ಮಾಡಿದೆ ಅನ್ನೋದಕ್ಕೆ ದಾಖಲೆ ಇರಬೇಕು. ರೇಡಿಯೋಗಾಗಿಯೇ ಹೊಸ ಟ್ರಸ್ಟ್ ಮಾಡಿಕೊಂಡು ಮರುದಿನ ಅರ್ಜಿ ಹಾಕೋಕೆ ಆಗೋಲ್ಲ. ನಮ್ಮೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮಕ್ಕಳ ಗ್ರಂಥಾಲಯ, ಆರೋಗ್ಯ ಶಿಬಿರ ಅಂತ ನಡೆಸುತ್ತಿದ್ದ ಹಳೆಯ ಟ್ರಸ್ಟ್ ಇತ್ತು. ಅವರ ಮನೆಗೆ ಹೋಗಿ ಕೇಳಿದೆ. "ದುಡ್ಡು ಎಲ್ಲಿಂದ ತರ್ತೀಯಮ್ಮ?" ಅಂದರು. "ಗೊತ್ತಿಲ್ಲ ಮೇಷ್ಟ್ರೇ, ಆದ್ರೆ ಮಾತಾಡೋರು ಇದ್ದಾರೆ" ಅಂದೆ. ಅವರು ಒಪ್ಪಿದರು.

ಅರ್ಜಿ ಹಾಕೋದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ನಲ್ಲಿ. ಶುಲ್ಕ 2,500 ರೂಪಾಯಿ. ಟ್ರಸ್ಟ್ ಡೀಡ್, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ತೆರಿಗೆ ರಿಟರ್ನ್ಸ್, ಎಲ್ಲಾ ಟ್ರಸ್ಟಿಗಳ ವಿವರ, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರದ ದರ್ಪಣ್ ಪೋರ್ಟಲ್‌ನ ನೋಂದಣಿ ಸಂಖ್ಯೆ, ಟವರ್ ನಿಲ್ಲಿಸುವ ಜಾಗದ ಅಕ್ಷಾಂಶ ರೇಖಾಂಶ, ಇಷ್ಟನ್ನೂ ಒಂದೇ ಫೋಲ್ಡರ್‌ನಲ್ಲಿ ಜೋಡಿಸಿಟ್ಟುಕೊಂಡೇ ಕೂರಬೇಕು. ನಮ್ಮ ಡೀಡ್ ಪೂರ್ತಿ ಕನ್ನಡದಲ್ಲಿತ್ತು. ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಬೇಕಾಯಿತು.

ಒಂದು ತೊಡಕು ನಾವು ಕನಸಿನಲ್ಲೂ ನೆನೆಸಿರಲಿಲ್ಲ. ನಮ್ಮ ಕಡೆ ಟ್ರಸ್ಟ್ ಹೆಸರಿನ ಕೊನೆಯಲ್ಲಿ ಬ್ರಾಕೆಟ್ ಹಾಕಿ 'ರಿ' ಅಂತ ಬರೆಯೋದು ರೂಢಿ ಅಲ್ವಾ? ನಮ್ಮ ಡೀಡ್‌ನಲ್ಲಿ ಆ 'ರಿ' ಇತ್ತು, ಪ್ಯಾನ್ ಕಾರ್ಡ್‌ನಲ್ಲಿ ಇರಲಿಲ್ಲ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ರೀತಿ ಇತ್ತು. ಪರಿಶೀಲನೆ ಮಾಡುವವರ ಕಣ್ಣಿಗೆ ಇವು ಮೂರು ಬೇರೆ ಸಂಸ್ಥೆಗಳು! ಸರಿಪಡಿಸಿ ಕೊಡಿ ಅಂತ ಅರ್ಜಿ ವಾಪಸ್ ಬಂತು. ಪ್ಯಾನ್ ತಿದ್ದುಪಡಿ, ಬ್ಯಾಂಕಿಗೆ ಪತ್ರ, ಟ್ರಸ್ಟಿಗಳ ಠರಾವು, ಅಫಿಡವಿಟ್ ಅಂತ ಓಡಾಡುವಷ್ಟರಲ್ಲಿ ಅಡಿಕೆ ಕೊಯ್ಲೇ ಮುಗಿದಿತ್ತು. ಅರ್ಜಿ ಹಾಕೋಕೆ ಮುಂಚೆ ನಿಮ್ಮ ಎಲ್ಲಾ ಕಾಗದಗಳಲ್ಲೂ ಹೆಸರಿನ ಒಂದೊಂದು ಅಕ್ಷರ, ಚುಕ್ಕೆ, ಬ್ರಾಕೆಟ್ ತಾಳೆ ನೋಡಿ. ಟ್ರಸ್ಟಿಗಳ ಆಧಾರ್ ಮತ್ತು ಪ್ಯಾನ್‌ನಲ್ಲಿ ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೂ ಮೊದಲೇ ಸರಿ ಮಾಡಿಸಿ.

ಆಮೇಲೆ ಕಾಯೋದು. ಅರ್ಜಿ ಗೃಹ, ರಕ್ಷಣೆ ಹೀಗೆ ಬೇರೆ ಬೇರೆ ಸಚಿವಾಲಯಗಳಿಗೆ ಹೋಗುತ್ತದೆ. ಟ್ರಸ್ಟಿಗಳ ಹಿನ್ನೆಲೆ ವಿಚಾರಿಸುತ್ತಾರೆ. ನಮ್ಮಲ್ಲೂ ಮಫ್ತಿಯಲ್ಲಿ ಬಂದು ಅಕ್ಕಪಕ್ಕದ ಮನೆಯಲ್ಲೆಲ್ಲಾ ಕೇಳಿಕೊಂಡು ಹೋದರು. ನಮ್ಮ ಟ್ರಸ್ಟಿ ಒಬ್ಬರ ಮನೆಯವರು ಹೆದರಿಬಿಟ್ಟರು. "ಏನೋ ಕೇಸಾಗಿದೆ" ಅಂತ ಊರಲ್ಲಿ ಸುದ್ದಿ ಹಬ್ಬಿತು. ಇದು ಎಲ್ಲರಿಗೂ ನಡೆಯುವ ವಿಚಾರಣೆ, ಹೆದರಬೇಕಾದ್ದು ಏನೂ ಇಲ್ಲ. ಟ್ರಸ್ಟಿಗಳ ಮನೆಯವರಿಗೆ ಮೊದಲೇ ತಿಳಿಸಿಟ್ಟರೆ ಒಳ್ಳೆಯದು.

ಪೋರ್ಟಲ್ ತೆರೆದರೆ ತಿಂಗಳುಗಟ್ಟಲೆ ಅದೇ ಸ್ಥಿತಿ, ಅದೇ ಸಾಲು. ಕಾಗದ ಸರಿ ಇದೆಯೋ ಇಲ್ಲವೋ ಅನ್ನೋದೂ ತಿಳಿಯದು. ಉತ್ಸಾಹದಿಂದ ಸೇರಿದ್ದ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. ಚೆನ್ನಾಗಿ ಎಡಿಟಿಂಗ್ ಕಲಿತಿದ್ದ ಹುಡುಗಿಗೆ ಮದುವೆಯಾಯಿತು. ಸಂತೆಯಲ್ಲಿ ಸಿಕ್ಕವರು "ಏನಾಯ್ತು ನಿಮ್ಮ ರೇಡಿಯೋ?" ಅಂತ ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಪ್ರಯೋಜನ ಇಲ್ಲ. ಕಾಯುವ ಈ ಹಂತದಲ್ಲೇ ಹೆಚ್ಚಿನ ತಂಡಗಳು ಕರಗೋದು.

ನಮ್ಮನ್ನು ಉಳಿಸಿದ್ದು ರೆಕಾರ್ಡಿಂಗ್. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವ ಹಾಗಿಲ್ಲ. ಆದರೆ ರೆಕಾರ್ಡ್ ಮಾಡೋಕೆ ಯಾವ ಲೈಸೆನ್ಸೂ ಬೇಡ. ಮಾಡಿದ್ದನ್ನು ಊರವರಿಗೆ ಕೇಳಿಸೋಕೂ ಪ್ರಸಾರದ ಲೈಸೆನ್ಸ್ ಬೇಡ. ಮೈಕ್ ಮುಂದೆ ಹಿಡಿದು "ಮಾತಾಡಿ" ಅಂದರೆ ನಮ್ಮ ಕಡೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಡುತ್ತಾರೆ. ಹಾಗಾಗಿ ಅಡಿಕೆ ಸುಲಿಯುವ ಮನೆಗಳಿಗೆ ಹೋಗೋಕೆ ಶುರು ಮಾಡಿದೆವು. ರಾತ್ರಿ ಎಂಟಕ್ಕೆ ಜಗುಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ನಡುವೆ ಅಡಿಕೆ ರಾಶಿ, ಮೇಲೊಂದು ಬಲ್ಬು. ನಾನೂ ಒಂದು ಕತ್ತಿ ಹಿಡಿದು ಕೂತು, ರೆಕಾರ್ಡರನ್ನು ತೊಲೆಗೆ ದಾರ ಕಟ್ಟಿ ರಾಶಿಯ ಮೇಲೆ ಇಳಿಬಿಟ್ಟೆ. ಮೊದಲ ಸ್ವಲ್ಪ ಹೊತ್ತು ಎಲ್ಲರ ಕಣ್ಣೂ ಅದರ ಕೆಂಪು ದೀಪದ ಮೇಲೆ. ಆಮೇಲೆ ಮರೆತರು. ಸಿಪ್ಪೆ ಬಿಡುವ ಟಕ್ ಟಕ್ ಸದ್ದಿನ ಜೊತೆ ಮಾತು ಬಂತು. ಕೂಲಿ ಲೆಕ್ಕ, ಎಲೆಚುಕ್ಕಿ ರೋಗಕ್ಕೆ ಬೋಳಾದ ತೋಟ, ಮಂಗನ ಕಾಯಿಲೆ ಬಂದ ವರ್ಷ ಕಾಡಿಗೆ ದರಗು ತರೋಕೆ ಹೋಗೋಕೂ ಹೆದರಿದ್ದು. "ನನ್ನ ದನಿ ರೇಡಿಯೋದಲ್ಲಿ ಬಂದ್ರೆ ಊರೋರು ನಗ್ತಾರೆ ಕಣಮ್ಮ" ಅಂದಿದ್ದ ಅಜ್ಜಿಯೇ ಕೊನೆಗೆ ಎಲ್ಲರಿಗಿಂತ ಜಾಸ್ತಿ ಮಾತಾಡಿದ್ದು. ಮರುವಾರ ಅದನ್ನೇ ಹಾಲಿನ ಡೈರಿ ಮುಂದೆ ಕೇಳಿಸಿದೆವು. ಯಾರೂ ನಗಲಿಲ್ಲ. ಪಕ್ಕದ ಊರಿನವರು "ನಮ್ಮನೆಗೂ ಬನ್ನಿ" ಅಂದರು.

ಆ ಧ್ವನಿಮುದ್ರಣಗಳು ಎರಡು ರೀತಿ ಕೈ ಹಿಡಿದವು. ಒಂದು, ಅರ್ಜಿದಾರರನ್ನು ಪ್ರಶ್ನಿಸಿ ನೋಡುವ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಮುಂದೆ. ಅಲ್ಲಿ ನಿಮ್ಮ ಸಮುದಾಯ ಯಾರು, ಅವರ ಜೊತೆ ಏನು ಕೆಲಸ ಮಾಡಿದ್ದೀರಿ, ಕೇಂದ್ರ ನಡೆಸೋಕೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾರೆ. ನಾವು ಸ್ಲೈಡ್‌ಗಳ ಜೊತೆ ರೆಕಾರ್ಡಿಂಗ್‌ಗಳ ಪಟ್ಟಿ, ಕೇಳಿಸಿದ ಊರುಗಳ ಫೋಟೋ ತೋರಿಸಿದೆವು. ಮೇಷ್ಟ್ರು ತಮ್ಮ ಮಟ್ಟಿನ ಹಿಂದಿಯಲ್ಲೇ ನಿಧಾನಕ್ಕೆ ಉತ್ತರ ಕೊಟ್ಟರು, ಕಡಿಮೆ ಏನೂ ಆಗಲಿಲ್ಲ. ಇನ್ನೊಂದು, ಪ್ರಸಾರ ಶುರುವಾದ ದಿನ ನಮ್ಮ ಕೈಯಲ್ಲಿ ವಾರಗಟ್ಟಲೆ ಕಾರ್ಯಕ್ರಮ ಸಿದ್ಧವಿತ್ತು.

ಒಪ್ಪಿಗೆಯಾದರೆ ಮೊದಲು ಕೈಗೆ ಬರೋದು ಲೆಟರ್ ಆಫ್ ಇಂಟೆಂಟ್. ಇದೇ ಲೈಸೆನ್ಸ್ ಅಂತ ನಮ್ಮೂರಲ್ಲಿ ಕೆಲವರು ಸಿಹಿ ಹಂಚಿಬಿಟ್ಟರು. ಇದು ಲೈಸೆನ್ಸ್ ಅಲ್ಲ, ಮುಂದಿನ ಕೆಲಸ ಶುರು ಮಾಡಿ ಅನ್ನುವ ಪತ್ರ. 2024ರ ಮಾರ್ಗಸೂಚಿಯ ಪ್ರಕಾರ ಇದರ ಅವಧಿ ಒಂದು ವರ್ಷ, ಅನಿವಾರ್ಯವಾದರೆ ಇನ್ನು ಮೂರು ತಿಂಗಳು. ಅಷ್ಟರೊಳಗೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ತರಂಗಾಂತರ ಪಡೆಯಬೇಕು, ಟವರ್ ಜಾಗಕ್ಕೆ ಸ್ಯಾಕ್ಫಾ ಅನುಮತಿ ಪಡೆಯಬೇಕು. ಈ ಟವರಿನಿಂದ ವಿಮಾನಕ್ಕೆ, ಬೇರೆ ವೈರ್‌ಲೆಸ್ ಸಂಪರ್ಕಕ್ಕೆ ತೊಂದರೆ ಇದೆಯಾ ಅಂತ ನೋಡೋದೇ ಸ್ಯಾಕ್ಫಾ. ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ, ಹತ್ತಿರದ ವಿಮಾನ ನಿಲ್ದಾಣ ಎಷ್ಟು ದೂರ, ಎಲ್ಲಾ ಬೇಕು. ನಮ್ಮ ಜಿಲ್ಲೆಯಲ್ಲಿ 2023ರಿಂದ ಸೋಗಾನೆಯ ವಿಮಾನ ನಿಲ್ದಾಣ ಇರೋದರಿಂದ ಆ ದೂರವನ್ನೂ ಲೆಕ್ಕ ಹಾಕಿ ಕೊಟ್ಟೆವು. ಅಕ್ಷಾಂಶ ರೇಖಾಂಶವನ್ನು ಡಿಗ್ರಿ, ನಿಮಿಷ, ಸೆಕೆಂಡಿನಲ್ಲೇ ಬರೆಯಿರಿ, ಎಲ್ಲಾ ಫಾರಂಗಳಲ್ಲೂ ಅದೇ ಅಂಕಿ ಇರಲಿ. ಫೋನಿನ ಮ್ಯಾಪ್ ತೋರಿಸೋದು ದಶಮಾಂಶದಲ್ಲಿ. ಅದನ್ನು ಬದಲಾಯಿಸುವಾಗ ಒಂದಂಕಿ ಆಚೀಚೆಯಾದರೆ ನಿಮ್ಮ ಟವರ್ ನಕ್ಷೆಯಲ್ಲಿ ಪಕ್ಕದ ಕೆರೆಯೊಳಗೆ ನಿಂತಿರುತ್ತದೆ. ಕಂಪ್ಯೂಟರ್ ಗೊತ್ತಿರುವ ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಮಾಡಿ ತಾಳೆ ನೋಡಲಿ.

ಆಮೇಲೆ 25,000 ರೂಪಾಯಿಯ ಬ್ಯಾಂಕ್ ಗ್ಯಾರಂಟಿ (ನಾವು ಷರತ್ತು ತಪ್ಪಿದರೆ ಆ ಹಣ ತಾನು ಕೊಡುತ್ತೇನೆ ಅಂತ ಬ್ಯಾಂಕ್ ಬರೆದುಕೊಡುವ ಪತ್ರ) ಕೊಟ್ಟು ಸಚಿವಾಲಯದ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಈ ಒಪ್ಪಂದ ಈಗ ಹತ್ತು ವರ್ಷಕ್ಕೆ. ಬ್ಯಾಂಕ್ ಗ್ಯಾರಂಟಿ ಅಂದರೆ ಏನು ಅಂತ ನಮ್ಮ ಊರಿನ ಶಾಖೆಯಲ್ಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಶಿವಮೊಗ್ಗದ ದೊಡ್ಡ ಶಾಖೆಗೆ ಹೋಗಬೇಕಾಯಿತು. ಸಚಿವಾಲಯ ಕೊಟ್ಟ ನಮೂನೆಯನ್ನು ಪ್ರಿಂಟ್ ತೆಗೆದುಕೊಂಡೇ ಹೋಗಿ. ಕೊನೆಗೆ ಬರೋದು ಪ್ರಸಾರಕ್ಕೆ ಒಪ್ಪಿಗೆ ಕೊಡುವ ವೈರ್‌ಲೆಸ್ ಆಪರೇಟಿಂಗ್ ಲೈಸೆನ್ಸ್. ತರಂಗಾಂತರಕ್ಕೆ ವರ್ಷ ವರ್ಷ ಶುಲ್ಕ ಬೇರೆ ಇದೆ. ಒಂದು ಕಾಲಕ್ಕೆ 19,700 ರೂಪಾಯಿ ಇದ್ದ ಆ ಶುಲ್ಕವನ್ನು 2012ರಲ್ಲಿ ಒಮ್ಮೆಲೇ 91,000ಕ್ಕೆ ಏರಿಸಿದ್ದರು. ಸಮುದಾಯ ರೇಡಿಯೋದವರು ಪ್ರಸಾರ ನಿಲ್ಲಿಸಿ ಪ್ರತಿಭಟಿಸಿದ ಮೇಲೆ ಅದು ಹಳೆಯ ಮಟ್ಟಕ್ಕೆ ಇಳಿಯಿತು. ನಾವಿವತ್ತು ಕಡಿಮೆ ದುಡ್ಡಿಗೆ ಮಾತಾಡುತ್ತಿರೋದು ಅವರು ಅವತ್ತು ಸುಮ್ಮನಾಗಿದ್ದಕ್ಕೆ.

ಈಗ ಖರ್ಚು. ಸಮುದಾಯ ರೇಡಿಯೋಗೆ ಟ್ರಾನ್ಸ್‌ಮಿಟರ್ 50 ವ್ಯಾಟಿನದ್ದು, ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರುವ ಹಾಗಿಲ್ಲ. ಟ್ರಾನ್ಸ್‌ಮಿಟರ್, ಆಂಟೆನಾ, ಕೇಬಲ್, ಟವರ್, ಸ್ಟುಡಿಯೋ, ಯುಪಿಎಸ್ ಎಲ್ಲಾ ಸೇರಿ ನಮಗೆ ಹದಿನೈದು ಲಕ್ಷ ದಾಟಿತು. ಉಪಕರಣಕ್ಕೆ ನೆರವು ಕೊಡುವ ಯೋಜನೆ ಸಚಿವಾಲಯದಲ್ಲಿ ಇದೆ, ಖಂಡಿತ ಅರ್ಜಿ ಹಾಕಿ. ಆದರೆ ಆ ದುಡ್ಡು ಬಂದ ಮೇಲೆ ಕೆಲಸ ಶುರು ಮಾಡೋಣ ಅಂತ ಕೂತರೆ ಲೆಟರ್ ಆಫ್ ಇಂಟೆಂಟ್ ಪತ್ರದ ಅವಧಿ ಮುಗಿದುಹೋಗುತ್ತದೆ. ನಾವು ಮೊದಲು ಸಾಲ ಮಾಡಿದೆವು. ಮೇಷ್ಟ್ರು ತಮ್ಮ ಠೇವಣಿ ಮುರಿದರು. ಹೊರಗಿರುವ ಊರಿನ ಮಕ್ಕಳು ಕೈ ಜೋಡಿಸಿದರು.

ಟವರ್ ಕೆಲಸವನ್ನು ಮಲೆನಾಡಿನಲ್ಲಿ ಜೂನ್ ಮೊದಲೇ ಮುಗಿಸಿ. ನಮ್ಮ ಗುತ್ತಿಗೆದಾರರು ಇವತ್ತು ನಾಳೆ ಅನ್ನುತ್ತಾ ಮೇ ಕೊನೆಗೆ ಗುಂಡಿ ತೋಡಿಸಿದರು. ಮಳೆ ಹಿಡಿಯಿತು. ಗುಂಡಿ ತುಂಬಾ ನೀರು, ಮೇಲಿನ ಮಣ್ಣೆಲ್ಲಾ ಒಳಗೆ. ಮತ್ತೆ ತೋಡಿಸಿ ಕಾಂಕ್ರೀಟ್ ಹಾಕಿದ್ದು ಮಳೆ ಬಿಟ್ಟ ಮೇಲೆ. ಅರ್ಥಿಂಗ್ ವಿಷಯದಲ್ಲಿ ಒಂದು ರೂಪಾಯಿ ಕೂಡ ಉಳಿಸೋಕೆ ಹೋಗಬೇಡಿ. ನಮ್ಮ ಕಡೆಯ ಸಿಡಿಲು ಗೊತ್ತಲ್ಲ. ಟವರಿಗೆ ಬೇರೆ ಅರ್ಥಿಂಗ್ ಗುಂಡಿ, ಸ್ಟುಡಿಯೋಗೆ ಬೇರೆ. ಗುಡುಗು ಹತ್ತಿರ ಬಂದರೆ ಪ್ರಸಾರ ನಿಲ್ಲಿಸಿ ಪ್ಲಗ್ ಕೀಳಬೇಕು ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ. ಇನ್ನೊಂದು: ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರ್ ಆನ್ ಮಾಡಲೇಬಾರದು, ಸುಟ್ಟುಹೋಗಬಹುದು. ಪರೀಕ್ಷೆಗೆ ಆಂಟೆನಾ ಬದಲು ಜೋಡಿಸುವ ಡಮ್ಮಿ ಲೋಡ್ ಅಂತ ಸಿಗುತ್ತದೆ, ಅದನ್ನು ಹಾಕಿ ನೋಡಬೇಕು.

ಸ್ಟುಡಿಯೋಗೆ ಜಾಸ್ತಿ ಸುರಿಯಬೇಡಿ. ಬಾಗಿಲು ಎರಡು ಇರಲಿ, ಗೋಡೆಗೆ ಗ್ಲಾಸ್ ವೂಲ್ ಮೇಲೆ ಗೋಣಿ ಬಟ್ಟೆ ಸಾಕು. ಎಡಿಟಿಂಗ್‌ಗೆ ಆಡಾಸಿಟಿ ಉಚಿತವಾಗಿ ಸಿಗುತ್ತದೆ, ಪಿಯುಸಿ ಓದಿದ ಹುಡುಗಿಯರು ಬೇಗ ಕಲಿತರು. ದುಡ್ಡನ್ನು ಒಳ್ಳೆಯ ಮೈಕ್‌ಗೆ, ಯುಪಿಎಸ್ ಬ್ಯಾಟರಿಗೆ ಹಾಕಿ.

ಪರೀಕ್ಷಾ ಪ್ರಸಾರದ ದಿನ ಸಣ್ಣ ಟ್ರಾನ್ಸಿಸ್ಟರ್ ಹಿಡಿದು ಬೈಕಿನಲ್ಲಿ ಊರೂರು ಸುತ್ತಿದೆವು. ಪೇಟೆಯಲ್ಲಿ, ಗದ್ದೆ ಬಯಲಿನಲ್ಲಿ ಸ್ವಚ್ಛವಾಗಿ ಕೇಳಿಸಿತು. ಗುಡ್ಡ ಇಳಿದು ಆಚೆ ಬದಿಗೆ ಹೋದ ಕೂಡಲೇ ಬರೀ ಸುಯ್ ಸುಯ್. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗೀತು. ಇದು ಗೊತ್ತಿದ್ದ ವಿಷಯವೇ. ಆದರೂ ಅಡಿಕೆ ಸುಲಿಯುತ್ತಾ ಮಾತಾಡಿದ್ದ ಅಜ್ಜಿಯ ಮನೆ ಆಚೆ ಬದಿಯಲ್ಲೇ ಇತ್ತು. ಅವರದೇ ದನಿ ಅವರ ಮನೆಗೆ ತಲುಪೋಲ್ಲ ಅಂತಾದಾಗ ತುಂಬಾ ಬೇಜಾರಾಯಿತು. ಈಗ ಆ ಊರುಗಳಿಗೆ ವಾರದ ಕಾರ್ಯಕ್ರಮಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ, ಡೈರಿಯಲ್ಲಿ ಪೆನ್‌ಡ್ರೈವ್ ಹಾಕಿ ಕೇಳಿಸುತ್ತಾರೆ. ಇನ್ನೊಂದು ಪೇಚು, ಈಗಿನ ಅನೇಕ ಫೋನುಗಳಲ್ಲಿ ಎಫ್‌ಎಂ ಇರೋದೇ ಇಲ್ಲ. ಇದ್ದರೂ ಇಯರ್‌ಫೋನ್ ವೈರ್ ಚುಚ್ಚಬೇಕು, ಅದೇ ಆಂಟೆನಾ. ಪ್ರಸಾರ ಶುರುವಾಗೋಕೆ ಮುಂಚೆಯೇ ಪೇಟೆಯ ಅಂಗಡಿಯವರಿಗೆ ಹೇಳಿ ಕಡಿಮೆ ಬೆಲೆಯ ರೇಡಿಯೋ ಸೆಟ್ ತರಿಸಿಡಿ.

ಸುದ್ದಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮದೇ ಸುದ್ದಿ, ರಾಜಕೀಯ ಚರ್ಚೆ ಮಾಡುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಏನೂ ಬದಲಿಸದೆ ಹಾಗೇ ಮರುಪ್ರಸಾರ ಮಾಡಬಹುದು. ಆದರೆ ಹವಾಮಾನ, ಪರೀಕ್ಷೆ, ಉದ್ಯೋಗ, ಸಂಚಾರ, ಸ್ಥಳೀಯ ಆಡಳಿತ ಕೊಡುವ ಕರೆಂಟ್, ನೀರು, ಆರೋಗ್ಯದ ಸೂಚನೆಗಳಿಗೆ ಅಡ್ಡಿ ಇಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವವರು ಅದನ್ನು ಹರಡುವ ಉಣುಗು ಹತ್ತದ ಹಾಗೆ ಏನು ಹಚ್ಚಿಕೊಳ್ಳಬೇಕು ಅಂತ ಆಶಾ ಕಾರ್ಯಕರ್ತೆಯರೇ ಬಂದು ಹೇಳುತ್ತಾರೆ. ಸೇತುವೆ ಮೇಲೆ ನೀರು ಬಂದರೆ ಪಂಚಾಯಿತಿಯವರ ಮಾತು ಹತ್ತು ನಿಮಿಷದಲ್ಲಿ ಪ್ರಸಾರವಾಗುತ್ತದೆ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು ಅನ್ನೋದು ನಿಯಮ, ನಮ್ಮಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಇದೆ. ಕಾರ್ಯಕ್ರಮ ಸಲಹಾ ಸಮಿತಿಯಲ್ಲಿ ಅರ್ಧ ಮಹಿಳೆಯರು ಇರಬೇಕು. ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾಪಾಡಿ ಇಡಬೇಕು, ಅದಕ್ಕೊಂದು ಬೇರೆ ಹಾರ್ಡ್‌ಡಿಸ್ಕ್ ಕೊಳ್ಳಿ. ಸಿನಿಮಾ ಹಾಡಿನ ಹಕ್ಕುಗಳ ಗೊಡವೆಗೆ ನಾವು ಹೋಗಲೇ ಇಲ್ಲ. ಸೋಬಾನೆ, ಅಂಟಿಗೆ ಪಂಟಿಗೆ, ಶಾಲೆ ಮಕ್ಕಳ ಹಾಡು ಬೇಕಾದಷ್ಟಿದೆ.

ಇನ್ನು ಮುಂದೆ ನಡೆಸೋದು ಹೇಗೆ ಅನ್ನೋದೇ ನಮ್ಮ ದೊಡ್ಡ ಚಿಂತೆ. ಜಾಹೀರಾತಿಗೆ ಈಗ ಗಂಟೆಗೆ 12 ನಿಮಿಷ ಅವಕಾಶ ಇದೆ. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ, ಮೊದಲು 52 ಇತ್ತು. ಆದರೆ ಅದು ಬಂದಾಗ ಬಂತು. ಮೂವರು ಹುಡುಗಿಯರ ಸಂಬಳ, ಕರೆಂಟ್ ಬಿಲ್, ಬ್ಯಾಟರಿ ಪ್ರತಿ ತಿಂಗಳೂ ಬರುತ್ತವೆ. ಸದ್ಯ ಸೊಸೈಟಿ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿಯವರು ತಿಂಗಳಿಗಿಷ್ಟು ಅಂತ ಕೊಡುತ್ತಿದ್ದಾರೆ. ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿಸೋಕೆ ಮನೆಯವರು ಕೊಡುವ ಐವತ್ತು, ನೂರು ರೂಪಾಯಿಯೂ ಸೇರಿ ಈ ತಿಂಗಳ ಸಂಬಳ ಆಯಿತು. ಟವರ್ ಕಟ್ಟೋಕೆ ಎತ್ತಿದ ದುಡ್ಡಿನಲ್ಲಿ ಒಂದು ವರ್ಷದ ಸಂಬಳವನ್ನು ಬೇರೆ ಖಾತೆಯಲ್ಲಿ ಇಟ್ಟ ಮೇಲೆಯೇ ಟ್ರಾನ್ಸ್‌ಮಿಟರ್ ಆರ್ಡರ್ ಕೊಡಿ ಅಂತ ಹೊಸಬರಿಗೆ ನಾನು ಕೈಮುಗಿದು ಹೇಳುತ್ತೇನೆ.

ಅರ್ಜಿ ಹಾಕೋಕೆ ಮೊದಲು ಯಾವುದಾದರೂ ಕೇಂದ್ರದಲ್ಲಿ ಒಂದು ದಿನ ಕೂತು ನೋಡಿ. ಸರಗೂರಿನ ಜನಧ್ವನಿ, ಮಂಗಳೂರಿನ ಸಾರಂಗ್, ಧಾರವಾಡ ಕೃಷಿ ವಿಶ್ವವಿದ್ಯಾಲಯದ ರೇಡಿಯೋ, ಬೆಂಗಳೂರಿನ ರೇಡಿಯೋ ಆಕ್ಟಿವ್, ಒಂದೊಂದೂ ಒಂದೊಂದು ಬಗೆ. ನಮ್ಮ ಕಡೆ ಬಂದರೆ ನಮ್ಮ ಸ್ಟುಡಿಯೋಗೂ ಬನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪ್ರಸಾರ ಇರೋಲ್ಲ. ಅರ್ಜಿಯ ಪ್ರತಿಯಿಂದ ಹಿಡಿದು ಬ್ಯಾಂಕ್ ಗ್ಯಾರಂಟಿಯ ನಮೂನೆವರೆಗೆ ಎಲ್ಲಾ ಫೈಲ್ ಕಪಾಟಿನ ಕೆಳಗಿನ ಅರೆಯಲ್ಲಿದೆ, ಜೆರಾಕ್ಸ್ ಅಂಗಡಿ ಎದುರಿಗೇ ಇದೆ.